ಫೋರ್ಸ್‌ವಾರ್ನ್‌ಗೆ ಒಂದು ಕುರ್ಚಿ ಯಾಕೆ ಹಾಕ್ಲಿಲ್ಲ?

ಎಲ್ಲರಿಗೂ ನಮಸ್ಕಾರ. ಎಲ್ಡರ್ ಸ್ಕ್ರೋಲ್ಸ್ ಸರಣಿಯ ವಿಡಿಯೋ ಗೇಮ್ ಸ್ಕೈರಿಮ್ ಆಡದೇ ಇರೋರು ಈ ಹಾಲ್‌ನಲ್ಲಿ ಯಾರೂ ಇಲ್ಲ ಅಂದ್ಕೊಂಡೇ ಶುರು ಮಾಡ್ತೀನಿ, ಹಾಗಾಗಿ ಡ್ರ್ಯಾಗನ್‌ಬಾರ್ನ್ ಯಾರು, ಹೆಲ್ಗೆನ್‌ನಲ್ಲಿ ಏನಾಯ್ತು, ಅದೆಲ್ಲ ಹೇಳ್ತಾ ಕೂರಲ್ಲ. 2011ರ ಗೇಮ್ ಇದು, ಇವತ್ತಿಗೂ ಇಬ್ಬರು ಸೇರಿದ್ರೆ ಅದೇ ಜಗಳ, ನೀನು ದಂಗೆ ಎದ್ದ ಸ್ಟಾರ್ಮ್‌ಕ್ಲೋಕಾ, ಸಾಮ್ರಾಜ್ಯದ ಕಡೆಯ ಇಂಪೀರಿಯಲ್ಲಾ ಅಂತ. ನಾನು ಬಂದಿರೋದು ಆ ಪ್ರಶ್ನೇನೇ ಸರಿಯಿಲ್ಲ ಅಂತ ಹೇಳಕ್ಕೆ. ಮೂರನೇ ಕಡೆ ಒಂದಿದೆ, ಅವರ ಹಿಂದಿನ ಕಥೇನ ಗೇಮ್‌ನವರೇ ಬಹಳ ಮನಸ್ಸಿಟ್ಟು ಬರೆದಿದ್ದಾರೆ, ಬರೆದು ಆಮೇಲೆ ಆಡೋ ಹೊತ್ತಿಗೆ ಅವರನ್ನ ಕಂಪಾಸ್ ಮೇಲಿನ ಕೆಂಪು ಚುಕ್ಕೆ ಮಾಡಿಬಿಟ್ಟಿದ್ದಾರೆ.

ರೀಚ್ ಅನ್ನೋ ಗುಡ್ಡಗಾಡು ಪ್ರಾಂತ್ಯದ ಮೂಲ ಜನರ ಬಗ್ಗೆ ಹೇಳ್ತಿದೀನಿ, ಅವರಲ್ಲಿ ದಂಗೆ ಎದ್ದೋರೇ ಫೋರ್ಸ್‌ವಾರ್ನ್. ಗೇಮ್‌ನ ಕಾಲಗಣನೆಯಲ್ಲಿ ನಾಲ್ಕನೇ ಯುಗದ 174ರಲ್ಲಿ ಸಾಮ್ರಾಜ್ಯ ಎಲ್ಫ್‌ಗಳ ಜೊತೆ ಯುದ್ಧದಲ್ಲಿ ಮುಳುಗಿದ್ದಾಗ ಇವರು ಎದ್ದು ರೀಚ್‌ನ ರಾಜಧಾನಿ ಮಾರ್ಕಾರ್ತ್ ತಗೊಂಡ್ರು, ಎರಡು ವರ್ಷ ಆಳಿದ್ರು, ಮದಾನಾಕ್ ಅವರ ರಾಜ. 176ರಲ್ಲಿ ಉಲ್ಫ್ರಿಕ್, ಮುಂದೆ ಸ್ಟಾರ್ಮ್‌ಕ್ಲೋಕ್ ನಾಯಕ ಆದೋನು, ಬಂದು ಊರು ವಾಪಸ್ ಕಿತ್ಕೊಂಡ, ಅದಕ್ಕೆ ಪ್ರತಿಯಾಗಿ ಅವನು ಕೇಳಿದ್ದು ಸಾಮ್ರಾಜ್ಯ ನಿಷೇಧಿಸಿದ್ದ ಟಾಲೋಸ್ ದೇವರ ಪೂಜೆಗೆ ಅನುಮತಿ. ಆ ಮಾತು ಮುರಿದುಬಿತ್ತು, ಅವನು ಜೈಲಿಗೆ ಹೋದ, ಅಲ್ಲಿಂದಲೇ ಶುರುವಾಗಿದ್ದು ನಾವೆಲ್ಲ ಆಡಿದ ಸಿವಿಲ್ ವಾರ್. ಅಂದ್ರೆ ಆ ಯುದ್ಧದ ಬೇರು ಇರೋದೇ ರೀಚ್‌ನಲ್ಲಿ! ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ, ಟಾಲೋಸ್ ಅಂತ ಪೂಜೆ ಮಾಡೋ ಚಕ್ರವರ್ತಿ ಟೈಬರ್ ಸೆಪ್ಟಿಮ್‌ಗೆ ಮೊದಲ ಸಲ ಖ್ಯಾತಿ ಬಂದಿದ್ದು ಎಲ್ಲಿ? ಓಲ್ಡ್ ಹ್ರೋಲ್ಡಾನ್, ಅದೂ ರೀಚ್, ಅವನು ಗೆದ್ದಿದ್ದು ಇದೇ ಜನರ ಮೇಲೆ. ಅಲ್ಲಿನ ಇನ್‌ನಲ್ಲಿ ಅವನು ಮಲಗಿದ್ದ ಹಾಸಿಗೇನ ಇವತ್ತಿಗೂ ಬಾಡಿಗೆಗೆ ಕೊಡ್ತಾರೆ, ನಿಮ್ಮಲ್ಲಿ ಎಷ್ಟೋ ಜನ ದುಡ್ಡು ಕೊಟ್ಟು ಮಲಗಿದೀರ, ನಗಬೇಡಿ, ಮಲಗಿದೀರ. ಹಾಸಿಗೆಗೆ ಕಥೆ ಸಿಕ್ತು, ಅಲ್ಲಿಂದ ಓಡಿಸಿದ ಜನಕ್ಕೆ ಸಿಗಲಿಲ್ಲ.

ಈಗ ಸಿಡ್ನಾ ಮೈನ್‌ಗೆ ಬರ್ತೀನಿ, ಇದನ್ನ ಸ್ವಲ್ಪ ನಿಧಾನವಾಗೇ ಹೇಳ್ತೀನಿ ಯಾಕಂದ್ರೆ ಈ ಗೇಮ್‌ನ ಅತ್ಯುತ್ತಮ ಬರವಣಿಗೆ ಇಲ್ಲಿದೆ ಅಂತ ನನ್ನ ನಂಬಿಕೆ. ಮಾರ್ಕಾರ್ತ್‌ಗೆ ಮೊದಲ ಸಲ ಕಾಲಿಡ್ತೀರಿ, ಮಾರ್ಕೆಟ್‌ನಲ್ಲಿ ಒಬ್ಬ ಚಾಕು ತೆಗೆದು ಒಬ್ಬ ಹೆಂಗಸಿನ ಮೇಲೆ ಬೀಳ್ತಾನೆ, ರೀಚ್ ಫೋರ್ಸ್‌ವಾರ್ನ್‌ದು ಅಂತ ಕೂಗ್ತಾನೆ, ಗಾರ್ಡ್‌ಗಳು ಏನೂ ಆಗಿಲ್ಲ ಹೋಗಿ ಹೋಗಿ ಅಂತಾರೆ, ಎಲ್ಟ್ರಿಸ್ ಅನ್ನೋನು ಬಂದು ಕೈಗೆ ಚೀಟಿ ತುರುಕ್ತಾನೆ. ನೀವು ಅಲ್ಲಿ ಇಲ್ಲಿ ವಿಚಾರಿಸಿ ವಾಪಸ್ ಟಾಲೋಸ್ ಗುಡಿಗೆ ಬರೋಷ್ಟರಲ್ಲಿ ಎಲ್ಟ್ರಿಸ್ ಹೆಣ ಬಿದ್ದಿದೆ, ಕೊಲೆ ಆರೋಪ ನಿಮ್ಮ ತಲೆಗೆ, ಸೀದಾ ಸಿಲ್ವರ್‌ಬ್ಲಡ್ ಮನೆತನದ ಬೆಳ್ಳಿ ಗಣಿಗೆ. ಆ ಗಣಿಯೇ ಜೈಲು. ಅಲ್ಲಿ ಮದಾನಾಕ್ ಕೂತಿದ್ದಾನೆ, ಇಪ್ಪತ್ತು ವರ್ಷದಿಂದ ಒಳಗೇ, ಅವನು ನಿಮ್ಮನ್ನ ಬ್ರೇಗ್ ಅನ್ನೋ ಕೈದಿ ಹತ್ರ ಕಳಿಸ್ತಾನೆ, ಹೋಗಿ ಅವನ ಕಥೆ ಕೇಳು ಅಂತ. ಬ್ರೇಗ್ ಮದಾನಾಕ್ ಜೊತೆ ಒಂದೇ ಒಂದು ಸಲ ಮಾತಾಡಿದ್ದನಂತೆ, ಅಷ್ಟಕ್ಕೇ ಹಿಡಿದ್ರು. ಅವನ ಪುಟ್ಟ ಮಗಳು, ಈತ್ರಾ, ಅಪ್ಪನ ಬದಲು ನನ್ನನ್ನ ತಗೊಳ್ಳಿ ಅಂತ ಜಾರ್ಲ್, ಅಂದ್ರೆ ಊರ ಒಡೆಯನ ಹತ್ರ ಬೇಡ್ಕೊಂಡ್ಲು. ಅವರು ಅಪ್ಪನ ಕಣ್ಣೆದುರೇ ಅವಳ ತಲೆ ತೆಗೆದು, ಆಮೇಲೆ ಅಪ್ಪನನ್ನೂ ಗಣಿಗೇ ಹಾಕಿದ್ರು.

ನೋಡಿ, ಇದನ್ನ ಬರೆದವರಿಗೆ ಗೊತ್ತಿತ್ತು. ರೀಚ್‌ನಲ್ಲಿ ಏನಾಯ್ತು ಅಂತ ಪೂರ್ತಿ ಗೊತ್ತಿತ್ತು. ಹಾಗಾದ್ರೆ ಮುಂದೇನು? ನೀವು ಮದಾನಾಕ್ ಜೊತೆ ತಪ್ಪಿಸ್ಕೊಂಡು ಹೊರಗೆ ಬರ್ತೀರಿ, ಥೋನಾರ್ ಸಿಲ್ವರ್‌ಬ್ಲಡ್ ಸಾಯ್ತಾನೆ, ರಾಜ ನಿಮಗೆ ಒಂದು ಕವಚ ಕೊಟ್ಟು ಡ್ರುವಾಡಾಕ್ ರಿಡೌಟ್‌ಗೆ ಹೋಗ್ತಾನೆ. ಆ ಒಂದು ಗುಹೇಲಿರೋ ಫೋರ್ಸ್‌ವಾರ್ನ್ ನಿಮಗೆ ಏನೂ ಮಾಡಲ್ಲ. ಹೊರಗೆ ಬಂದು ಮುಂದಿನ ಕ್ಯಾಂಪ್ ಹತ್ರ ಹೋಗಿ, ಅವರ ರಾಜನನ್ನೇ ಬಿಡಿಸಿ ಅವನು ಕೊಟ್ಟ ಕವಚಾನೇ ಹಾಕ್ಕೊಂಡು ಹೋಗಿ, ಸುಯ್ಯಂತ ಬಾಣ ಬರುತ್ತೆ! ಇದಕ್ಕೇ ನಾನು ಹೇಳೋದು, ಆಟದೊಳಗೆ ಏನೂ ಬದಲಾಯಿಸದ ಲೋರ್, ಅಂದ್ರೆ ಹಿನ್ನೆಲೆ ಕಥೆ, ಊಟಕ್ಕಿಲ್ಲದ ಉಪ್ಪಿನಕಾಯಿ ಅಂತ.

ಇಲ್ಲಿ ಯಾರೋ ತಲೆ ಅಲ್ಲಾಡಿಸ್ತಿದೀರ, ಏನು ಕೇಳ್ತೀರ ಅಂತ ಗೊತ್ತು. ಸಾರ್, ಅವರು ಹ್ಯಾಗ್‌ರೇವನ್ ಅನ್ನೋ ಮಾಟಗಾತಿಯರ ಜೊತೆ ಸೇರಿದೋರು, ಎದೆ ಬಗೆದು ಹೃದಯ ತೆಗೆದು ಬ್ರೈಯರ್‌ಹಾರ್ಟ್ ಅನ್ನೋ ಯೋಧರನ್ನ ಮಾಡೋರು, ಒಳ್ಳೆಯವರಾ? ಒಳ್ಳೆಯವರು ಅಂತ ನಾನು ಹೇಳ್ತಾನೇ ಇಲ್ಲ. ಉಲ್ಫ್ರಿಕ್ ಮಾರ್ಕಾರ್ತ್‌ನಲ್ಲಿ ಏನು ಮಾಡಿದ ಅಂತ 'ದಿ ಬೇರ್ ಆಫ್ ಮಾರ್ಕಾರ್ತ್' ಪುಸ್ತಕದಲ್ಲಿದೆ, ಶರಣಾದವರನ್ನೂ ಬಿಡಲಿಲ್ಲ ಅಂತ ಅದರಲ್ಲಿ ಬರೆದಿದೆ, ಆದ್ರೂ ಅವನಿಗೆ ಸಿಂಹಾಸನ, ಭಾಷಣ, ಒಂದು ಇಡೀ ಕ್ವೆಸ್ಟ್‌ಲೈನ್ ಕೊಟ್ಟಿದ್ದಾರೆ. ಕ್ರೂರಿಗೆ ಮಾತಾಡಕ್ಕೆ ಅವಕಾಶ ಇದೆ ಅಂತಾಯ್ತಲ್ಲ, ಹಾಗಾದ್ರೆ ಇವರಿಗೆ ಯಾಕಿಲ್ಲ? ಆ ಪುಸ್ತಕ ಒಬ್ಬ ಇಂಪೀರಿಯಲ್ ವಿದ್ವಾಂಸ ಬರೆದಿದ್ದು, ನಂಬಬೇಕಾ ಬೇಡ್ವಾ ಅನ್ನೋದೇ ಎಲ್ಡರ್ ಸ್ಕ್ರೋಲ್ಸ್ ಮಜಾ ಅಂತಾರೆ. ಒಪ್ಪಿದೆ. ಆದ್ರೆ ನಂಬಲ್ಲ ಅಂತ ಹೇಳಕ್ಕೆ ಎದುರು ಕಡೆಯವರ ಮಾತೂ ಕಿವಿಗೆ ಬೀಳಬೇಕಲ್ವಾ, ಇಲ್ಲಿ ಅದು ಬೀಳೋದು ಜೈಲಲ್ಲಿ ಮಾತ್ರ.

ಹೈ ಹ್ರೋತ್ಗಾರ್ ಮಠದ ಶಾಂತಿ ಸಭೆ ನೆನಪಿದೆಯಾ? ಸಾಮ್ರಾಜ್ಯದ ಸೇನಾಪತಿ ಟುಲಿಯಸ್ ಇದ್ದಾನೆ, ಉಲ್ಫ್ರಿಕ್ ಇದ್ದಾನೆ, ಥಾಲ್ಮೋರ್ ಅನ್ನೋ ಎಲ್ಫ್ ಸರ್ಕಾರದ ರಾಯಭಾರಿ ಎಲೆನ್ವೆನ್ ಕೂಡ ಬಂದು ಕೂತ್ಕೊತಾಳೆ, ಅವಳಿಗೂ ಕುರ್ಚಿ ಇದೆ! ಉಲ್ಫ್ರಿಕ್ ಮಾರ್ಕಾರ್ತ್ ಕೊಡಿ ಅಂತಾನೆ, ಟುಲಿಯಸ್ ರಿಫ್ಟನ್ ಕೊಡಿ ಅಂತಾನೆ, ಊರುಗಳನ್ನ ಟೇಬಲ್ ಮೇಲೆ ಅದಲು ಬದಲು ಮಾಡ್ತಾರೆ, ಅದಕ್ಕೆಲ್ಲ ಮಧ್ಯಸ್ಥಿಕೆ ಮಾಡೋರು ನೀವು. ಮದಾನಾಕ್‌ನ ಬಿಡಿಸಿದ ಆಟಗಾರನಿಗೆ ಅಲ್ಲಿ ಒಂದೇ ಒಂದು ಡೈಲಾಗ್ ಕೊಡಬಹುದಿತ್ತು, ರೀಚ್‌ನವರನ್ನ ಕೇಳಿದೀರಾ ಅಂತ. ಅದೂ ಇಲ್ಲ.

ಟೈಮ್ ಆಯ್ತು ಅಂತ ಚೀಟಿ ಬಂತು. ಫಾಲ್ಮರ್ ಅನ್ನೋ ಕುರುಡು ಎಲ್ಫ್‌ಗಳ ಬಗ್ಗೆ, ವಿಂಡ್‌ಹೆಲ್ಮ್‌ನ ಗ್ರೇ ಕ್ವಾರ್ಟರ್‌ನಲ್ಲಿರೋ ಡಾರ್ಕ್ ಎಲ್ಫ್ ನಿರಾಶ್ರಿತರ ಬಗ್ಗೆ ಹೇಳಬೇಕಿತ್ತು, ಅದರಲ್ಲೂ ನನ್ನ ತಕರಾರು ಇದೇ. ಬರೆಯಕ್ಕೆ ಆಗಲ್ಲ ಅನ್ನೋ ಮಾತಂತೂ ನಾನು ಒಪ್ಪಲ್ಲ, ಯಾಕಂದ್ರೆ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನವರು 2020ರಲ್ಲಿ ಮಾರ್ಕಾರ್ತ್ ಅಂತಾನೇ ಒಂದು ಡಿಎಲ್‌ಸಿ, ಅಂದ್ರೆ ಗೇಮ್‌ಗೆ ಹೆಚ್ಚುವರಿ ಭಾಗ, ತಂದ್ರು, ಅಲ್ಲಿ ಊರು ಆಳ್ತಿರೋನು ರೀಚ್‌ಮನ್, ಆರ್ಡ್ ಕ್ಯಾಡಕ್, ಎದುರು ನಿಂತು ಮಾತಾಡ್ತಾನೆ, ಕೆಲಸ ಹೇಳ್ತಾನೆ. ಈ ಸರಣಿಯ ಆರನೇ ಗೇಮ್ 2018ರಲ್ಲೇ ಅನೌನ್ಸ್ ಆಯ್ತು, ಅದರಲ್ಲಿ ನನಗೆ ದೊಡ್ಡ ಮ್ಯಾಪ್ ಬೇಡ, ಸಭೆಯಲ್ಲಿ ಮೂರನೇ ಕುರ್ಚಿ ಬೇಕು. ಪ್ರಶ್ನೆ ಕೇಳೋರು ಕೇಳಿ, ಸ್ಟಾರ್ಮ್‌ಕ್ಲೋಕ್ ಕಡೆಯವರು ಮೊದ್ಲು, ನೀವು ಆಗ್ಲಿಂದ ಕೈ ಎತ್ಕೊಂಡೇ ಕೂತಿದೀರ.