ಬಣ್ಣ ಹಿಡಿದ ದ್ರಾವಕ ಬಣ್ಣ ಬಿಡಬೇಕಲ್ಲ

ಗೆಳೆಯರೆ, ವಿದ್ಯಾರ್ಥಿಗಳೆ,

ಚಿಕ್ಕಬಳ್ಳಾಪುರದಲ್ಲಿ ನಿಂತು ಸಸ್ಯಗಳ ರಸಾಯನವನ್ನು ಕುರಿತು ಮಾತನಾಡುವವರು ದ್ರಾಕ್ಷಿಯನ್ನು ಬಿಟ್ಟು ಹೋಗಲು ಸಾಧ್ಯವಿಲ್ಲ. ಈ ಸೀಮೆಯ ‘ಬೆಂಗಳೂರು ನೀಲಿ’ ದ್ರಾಕ್ಷಿಯ ರಸ ಹಿಂಡಿದ ಮೇಲೆ ಉಳಿಯುವ ಹಿಪ್ಪೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ನೇರಳೆ ಕಲೆ ಬೇಗ ಹೋಗುವುದಿಲ್ಲ. ಅದು ಸಿಪ್ಪೆಯಲ್ಲಿರುವ ಆಂಥೋಸಯನಿನ್. ಆಹಾರಕ್ಕೆ ಸಹಜ ಬಣ್ಣವಾಗಿ ಬೆಲೆ ಬಾಳುವ ವಸ್ತು. ಅದನ್ನು ಪರಿಸರಸ್ನೇಹಿ ದ್ರಾವಕದಲ್ಲಿ ಹೊರತೆಗೆಯುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ತೆಗೆದದ್ದನ್ನು ಆ ದ್ರಾವಕದಿಂದ ಬಿಡಿಸಿಕೊಳ್ಳುವುದು ಹೇಗೆ ಎಂದು ಕೇಳುವವರು ಕಡಿಮೆ. ನನ್ನ ಮಾತು ಅದರ ಬಗ್ಗೆ.

ಹಳೆಯ ದ್ರಾವಕಗಳಲ್ಲಿ ಈ ತೊಡಕು ದೊಡ್ಡದಿರಲಿಲ್ಲ. ಹೆಕ್ಸೇನ್ 69 ಡಿಗ್ರಿಯಲ್ಲಿ, ಎಥನಾಲ್ 78 ಡಿಗ್ರಿಯಲ್ಲಿ ಕುದಿಯುತ್ತದೆ. ಕಾಯಿಸಿದರೆ ದ್ರಾವಕ ಹಾರಿಹೋಗುತ್ತದೆ, ತಣಿಸಿದರೆ ಮರಳಿ ಸಿಗುತ್ತದೆ, ಬೇಕಾದ ವಸ್ತು ತಳದಲ್ಲಿ ಉಳಿಯುತ್ತದೆ. ಆದರೆ ಹೆಕ್ಸೇನ್ ನರಗಳಿಗೆ ವಿಷ, ಕಿಡಿ ತಗುಲಿದರೆ ಬೆಂಕಿ.

2003ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆ್ಯಂಡ್ರ್ಯೂ ಅಬಟ್ ಮತ್ತು ಸಂಗಡಿಗರು ಒಂದು ಸೋಜಿಗವನ್ನು ವರದಿ ಮಾಡಿದರು. ಕೋಲೀನ್ ಕ್ಲೋರೈಡ್ ಎಂಬ ಲವಣ ಕರಗುವುದು 302 ಡಿಗ್ರಿಯಲ್ಲಿ, ಯೂರಿಯಾ 133ರಲ್ಲಿ. ಅಣುಗಳ ಲೆಕ್ಕದಲ್ಲಿ ಒಂದಕ್ಕೆ ಎರಡರ ಪ್ರಮಾಣದಲ್ಲಿ ಇವೆರಡನ್ನೂ ಬೆರೆಸಿದರೆ, ಆ ಮಿಶ್ರಣ 12 ಡಿಗ್ರಿಯಲ್ಲೇ ದ್ರವವಾಗುತ್ತದೆ. ನಾನು ಮೊದಲು ಹೇಳಿದ ಪರಿಸರಸ್ನೇಹಿ ದ್ರಾವಕಗಳು ಇಂಥ ಮಿಶ್ರಣಗಳೇ. ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಚೋಯ್, ವರ್‌ಪೂರ್ಟೆ ಮೊದಲಾದವರು 2011ರಲ್ಲಿ ಇನ್ನೂ ಮುಂದೆ ಹೋದರು: ಸಕ್ಕರೆ, ಸಾವಯವ ಆಮ್ಲ, ಕೋಲೀನ್‌ನಂಥ ಜೀವಕೋಶದೊಳಗಿನ ವಸ್ತುಗಳೇ ಸೇರಿ ಇಂಥ ದ್ರವವಾಗುತ್ತವೆ, ನೀರಿನಲ್ಲೂ ಎಣ್ಣೆಯಲ್ಲೂ ಸುಲಭವಾಗಿ ಕರಗದ ವಸ್ತುಗಳನ್ನು ಗಿಡ ಇಂಥದ್ದರಲ್ಲೇ ಇಟ್ಟುಕೊಂಡಿರಬಹುದು ಎಂದರು. ಬಹಳ ಸುಂದರವಾದ ಊಹೆ ಇದು.

ಈ ದ್ರಾವಕಗಳ ಬಲವೆಲ್ಲ ಹೈಡ್ರೋಜನ್ ಬಂಧದ್ದು, ಅಂದರೆ ಹೈಡ್ರೋಜನ್ ಮೂಲಕ ಅಣುಗಳ ನಡುವೆ ಇರುವ ಸೆಳೆತದ್ದು. ಅದರಿಂದಲೇ ಆಂಥೋಸಯನಿನ್‌ನಂಥ ಅಣುವನ್ನು ಗಟ್ಟಿಯಾಗಿ ಹಿಡಿಯುತ್ತವೆ, ಅದರಿಂದಲೇ ಹಾರಿಹೋಗುವುದಿಲ್ಲ. ಇಂಥ ಮಿಶ್ರಣಗಳಲ್ಲಿ ಬಳಸುವ ಗ್ಲಿಸರಾಲ್ ಒಂದೇ ಕುದಿಯಬೇಕಾದರೂ 290 ಡಿಗ್ರಿ ಬೇಕು. ಅಷ್ಟು ಶಾಖಕ್ಕೆ ಬಣ್ಣ ಉಳಿಯುವ ಮಾತೇ ಇಲ್ಲ. ಮೇಲಾಗಿ ಇವು ಸಕ್ಕರೆ ಪಾಕದಷ್ಟು ಮಂದ. ಬೆಚ್ಚಗೆ ಮಾಡಿ, ಸ್ವಲ್ಪ ನೀರು ಸೇರಿಸದೆ ಸೋಸಲೂ ಆಗದು.

ಹಾಗಾದರೆ ದಾರಿ? ಹೆಚ್ಚು ನಂಬಿಕೆಗೆ ಬಂದಿರುವುದು ರೆಸಿನ್. ಗಾಜಿನ ಕೊಳವೆಯಲ್ಲಿ ರಂಧ್ರಮಯ ಪ್ಲಾಸ್ಟಿಕ್ಕಿನ ಸಣ್ಣ ಬಿಳಿ ಮಣಿಗಳನ್ನು ತುಂಬುತ್ತೇವೆ. ನೇರಳೆ ದ್ರಾವಣಕ್ಕೆ ಧಾರಾಳವಾಗಿ ನೀರು ಬೆರೆಸಿದಾಗ ದ್ರಾವಕದ ಹಿಡಿತ ಸಡಿಲವಾಗುತ್ತದೆ. ಅದನ್ನು ನಿಧಾನವಾಗಿ ಸುರಿದರೆ ಬಣ್ಣ ಮೇಲಿನ ಮಣಿಗಳಿಗೇ ಕಚ್ಚಿಕೊಂಡು ಕಡುನೇರಳೆ ಪಟ್ಟಿಯಾಗಿ ನಿಲ್ಲುತ್ತದೆ. ಕೆಳಗೆ ತೊಟ್ಟಿಕ್ಕುವುದು ಹೆಚ್ಚುಕಡಿಮೆ ತಿಳಿಯಾದ ನೀರು; ಆಮ್ಲ, ಕೋಲೀನ್, ಸಕ್ಕರೆ ಎಲ್ಲವೂ ಅದರಲ್ಲಿ. ಆಮೇಲೆ ಚೂರು ಆಮ್ಲ ಬೆರೆಸಿದ ಎಥನಾಲ್ ಬಿಟ್ಟರೆ ಪಟ್ಟಿ ಕದಲಿ ಕೆಳಗಿಳಿಯುತ್ತದೆ, ಕೆಂಪಾಗಿ ಹೊರಬರುತ್ತದೆ. ಕುಸುಬೆಯ ಫೀನಾಲ್ ವಸ್ತುಗಳನ್ನು ಲೈಡನ್ ತಂಡ ರೆಸಿನ್ ಬಳಸಿಯೇ ಮರಳಿ ಪಡೆಯಿತು. ನೀರಿನಲ್ಲಿ ಕರಗದ ಅರಿಶಿನದ ಕುರ್ಕುಮಿನ್‌ನಂಥವಕ್ಕೆ ಇಷ್ಟೆಲ್ಲ ಬೇಡ. ನೀರು ಸುರಿದರೆ ಬಹುಪಾಲು ತಾನಾಗಿ ಬೇರ್ಪಟ್ಟು ಕೂರುತ್ತದೆ.

ಈಗ ಖರ್ಚಿನ ಲೆಕ್ಕಕ್ಕೆ ಬರೋಣ. ಬಣ್ಣ ಸಿಕ್ಕಿತು, ದ್ರಾವಕ ನೀರಿನಲ್ಲಿ ಸೇರಿಹೋಯಿತು. ಅದನ್ನು ಮತ್ತೆ ಬಳಸಬೇಕೆಂದರೆ ಆ ನೀರನ್ನೆಲ್ಲ ಆವಿ ಮಾಡಬೇಕು. ಒಂದು ಕಿಲೋ ಎಥನಾಲ್ ಆವಿಯಾಗಲು ಸುಮಾರು 840 ಕಿಲೋಜೌಲ್ ಶಾಖ ಸಾಕು. ಒಂದು ಕಿಲೋ ನೀರಿಗೆ ಸುಮಾರು 2,260 ಬೇಕು. ಆ ಶಾಖಕ್ಕೆ ಬಾಯ್ಲರಿನಲ್ಲಿ ಸೌದೆ ಉರಿಸಿದರೆ, ‘ಹಸಿರು’ ಎನ್ನುವ ಹೆಸರು ಎಷ್ಟು ಉಳಿಯುತ್ತದೆ? ಇಷ್ಟೇ ಅಲ್ಲ. ದ್ರಾಕ್ಷಿಯ ಸ್ವಂತ ಸಕ್ಕರೆಯೂ ದ್ರಾವಕದ ಜೊತೆಗೇ ಹರಿದು ಬಂದು, ಪ್ರತಿ ಸುತ್ತಿನಲ್ಲೂ ಅದರಲ್ಲಿ ಸೇರುತ್ತಾ ಹೋಗುತ್ತದೆ. ಸಿಟ್ರಿಕ್ ಆಮ್ಲ, ಗ್ಲಿಸರಾಲ್ ಬಿಸಿಯಲ್ಲಿ ಬಹಳ ಹೊತ್ತು ಜೊತೆಗಿದ್ದರೆ ಒಂದಕ್ಕೊಂದು ಕೂಡಿ ಎಸ್ಟರ್ ಎಂಬ ಬೇರೆಯೇ ವಸ್ತು ಆಗುತ್ತವೆ. ಮರಳಿ ಬಂದ ದ್ರಾವಕ ಹೋದಾಗಿನ ದ್ರಾವಕವಲ್ಲ.

ಎಷ್ಟು ಬಣ್ಣ ಬಂತು ಎಂಬ ಒಂದೇ ಅಂಕಿಯನ್ನು ತೋರಿಸಿ ದ್ರಾವಕವನ್ನು ಹಸಿರು ಎನ್ನುವ ಪ್ರಬಂಧಗಳನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ಬಿಡಿಸುವ ಖರ್ಚು ಸೇರದ ಲೆಕ್ಕ ಅರ್ಧ ಲೆಕ್ಕ.

ನನಗೆ ಹೆಚ್ಚು ಭರವಸೆ ಇರುವುದು ಬೇರ್ಪಡಿಸುವುದನ್ನೇ ಬಿಡುವ ದಾರಿಯಲ್ಲಿ. ಗ್ಲಿಸರಾಲ್, ಸಿಟ್ರಿಕ್ ಆಮ್ಲ, ನೀರು ಮೂರೂ ಆಹಾರದಲ್ಲಿ ಬಳಕೆಯಲ್ಲಿರುವವು. ಇವುಗಳಲ್ಲಿ ತೆಗೆದ ಬಣ್ಣವನ್ನು ಹಾಗೆಯೇ ಶರಬತ್ತಿಗೋ ಜೆಲ್ಲಿಗೋ ಹಾಕುವುದಾದರೆ ರೆಸಿನ್ನೂ ಬೇಡ, ನೀರು ಆರಿಸುವ ಖರ್ಚೂ ಇಲ್ಲ. ಆಮ್ಲದ ಸಂಗದಲ್ಲಿ ಆಂಥೋಸಯನಿನ್ ಕೆಂಪಾಗಿಯೇ ಇರುತ್ತದೆ. ಕೋಲೀನ್ ಕ್ಲೋರೈಡಿಗೆ ಈ ಮಾತು ಹೊಂದುವುದಿಲ್ಲ. ಕೋಳಿ ಆಹಾರದಲ್ಲಿ ಅದು ಸಾಮಾನ್ಯ, ಆದರೆ ಯುರೋಪಿನಲ್ಲಿ ಸೌಂದರ್ಯವರ್ಧಕಗಳಿಗೆ ನಿಷಿದ್ಧ. ಆದ್ದರಿಂದ ಬಣ್ಣ ಕೊನೆಗೆ ಯಾವ ಬಾಟಲಿಗೆ ಸೇರುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ದ್ರಾವಕವನ್ನು ಆರಿಸಿ. ಈ ವರ್ಷ ಪ್ರಾಜೆಕ್ಟಿಗೆ ಹಿಪ್ಪೆ ತರುವ ವಿದ್ಯಾರ್ಥಿಗಳು ಒಳಗೆ ಹಾಕಿದ ದ್ರಾವಕ, ಹೊರಬಂದ ದ್ರಾವಕ, ಆವಿಯಾದ ನೀರು ಮೂರನ್ನೂ ತೂಗಿ ಬರೆದಿಡಿ. ಆ ಪುಸ್ತಕವನ್ನು ನೋಡಲು ನಾನು ಖಂಡಿತ ಬರುತ್ತೇನೆ.