ಮಂಜು ಕವಿದ ನಾಡಿಗೆ ಮರುಜೀವ

ಕೇಳುಗರಿಗೆ ನಮಸ್ಕಾರ. ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿಕೊಂಡು, ಮಾತಿನಲ್ಲಿಯೇ ಕಥೆ ಬೆಳೆಸುತ್ತ, ಗೆಲುವು ಸೋಲುಗಳು ಅನಿಶ್ಚಿತವಾದಲ್ಲಿ ದಾಳ ಉರುಳಿಸಿ ನಿರ್ಣಯಿಸುವ ಆಟಗಳಿವೆ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇವುಗಳಿಗೆ ಮೂಲ. ಆ ಆಟದ ಹಳೆಯ ಕಲ್ಪನಾಲೋಕಗಳಲ್ಲಿ ಒಂದಾದ ರೇವನ್‌ಲಾಫ್ಟ್ ನಮ್ಮ ಕಾಲಕ್ಕೆ ಮರಳಿ ಬಂದ ಬಗೆಯನ್ನು ಕುರಿತು ಇಂದು ಮಾತನಾಡಬಯಸುತ್ತೇನೆ.

ಆಗಿನ ಆಟಗಳಲ್ಲಿ ನೆಲಮಾಳಿಗೆಯ ಕೋಣೆ ಕೋಣೆಗಳಲ್ಲಿ ದುಷ್ಟಜೀವಿಗಳು ಕಾರಣವಿಲ್ಲದೆ ಕಾದು ಕುಳಿತಿರುತ್ತಿದ್ದವು. ಅಂಥ ಆಟವೊಂದರಲ್ಲಿ ರಕ್ತಪಿಶಾಚಿಯೊಂದು ಎದುರಾದಾಗ, ಇದು ಇಲ್ಲಿ ಮಾಡುತ್ತಿರುವುದಾದರೂ ಏನು ಎಂಬ ಪ್ರಶ್ನೆ ಟ್ರೇಸಿ ಹಿಕ್‌ಮನ್ ಅವರಲ್ಲಿ ಹುಟ್ಟಿತು. ಅವರೂ ಅವರ ಪತ್ನಿ ಲಾರಾ ಹಿಕ್‌ಮನ್ ಅವರೂ ಸೇರಿ ಬರೆದು, 1983ರಲ್ಲಿ ಪ್ರಕಟವಾದ ‘ರೇವನ್‌ಲಾಫ್ಟ್’ ಎಂಬ 32 ಪುಟಗಳ ಸಾಹಸಕಥನವೇ ಆ ಪ್ರಶ್ನೆಗೆ ಉತ್ತರ. ಬರೋವಿಯಾದ ದೊರೆ ಸ್ಟ್ರಾಡ್ ತನ್ನ ತಮ್ಮನ ವಧುವನ್ನು ಬಯಸಿ, ಮದುವೆಯ ದಿನವೇ ತಮ್ಮನನ್ನು ಕೊಲ್ಲುತ್ತಾನೆ. ಆಕೆ ಕೋಟೆಯ ಮೇಲಿನಿಂದ ಪ್ರಪಾತಕ್ಕೆ ಹಾರುತ್ತಾಳೆ. ಸಾವಿಲ್ಲದ ದೊರೆ ಅವಳ ಹಂಬಲದಲ್ಲಿಯೇ ಉಳಿಯುತ್ತಾನೆ. ಅವನ ಗುರಿಯೇನು, ಅವನನ್ನು ಸೋಲಿಸಬಲ್ಲ ಆಯುಧ ಎಲ್ಲಿದೆ ಎಂಬುದು ಇಸ್ಪೀಟು ಎಲೆಗಳಿಂದ ಭವಿಷ್ಯ ಹೇಳುವ ಪ್ರಸಂಗದಲ್ಲಿ ನಿಶ್ಚಯವಾಗುವುದರಿಂದ, ಒಮ್ಮೆ ಆಡಿದವರಿಗೂ ಮುಂದಿನ ಸಲದ ಕಥೆ ಬೇರೆಯೇ ಆಗುತ್ತದೆ.

1990ರಲ್ಲಿ ಈ ಕಥನ ಒಂದು ಲೋಕವಾಗಿ ವಿಸ್ತರಿಸಿತು. ಅದರ ನಿಯಮ ಒಂದೇ: ಘೋರ ಪಾಪ ಮಾಡಿದ ಒಬ್ಬೊಬ್ಬ ಒಡೆಯನಿಗೂ ಅವನು ಆಳುವ ನಾಡೇ ಸೆರೆಮನೆ, ಸುತ್ತಲಿನ ಮಂಜೇ ಅದರ ಗೋಡೆ. ನನ್ನ ದೃಷ್ಟಿಯಲ್ಲಿ ರೇವನ್‌ಲಾಫ್ಟ್‌ನ ಜೀವವಿರುವುದು ಈ ನಿಯಮದಲ್ಲಿ. ಇದನ್ನು ಕಾಪಾಡಿಕೊಂಡರೆ ಉಳಿದುದನ್ನೆಲ್ಲ ಧೈರ್ಯವಾಗಿ ತಿದ್ದಬಹುದು.

ತಿದ್ದಬೇಕಾದುದು ಇದ್ದೇ ಇತ್ತು. ಹಿಕ್‌ಮನ್ ದಂಪತಿಯ ಸಲಹೆಯನ್ನು ಪಡೆದು 2016ರಲ್ಲಿ ಹೊರಬಂದ ‘ಕರ್ಸ್ ಆಫ್ ಸ್ಟ್ರಾಡ್’ ಹಳೆಯ ಕಥೆಯನ್ನು 256 ಪುಟಗಳಿಗೆ ಹಿಗ್ಗಿಸಿ ಹೊಸ ಪೀಳಿಗೆಯನ್ನು ಸೆಳೆಯಿತಾದರೂ, ವಿಸ್ತಾನಿ ಎಂಬ ಅಲೆಮಾರಿ ಜನರ ಚಿತ್ರಣವನ್ನು ಹಳೆಯ ಜಾಡಿನಲ್ಲಿಯೇ ಉಳಿಸಿಕೊಂಡಿತು. ಯುರೋಪಿನ ರೋಮಾ ಜನರ ಮೇಲೆ ಶತಮಾನಗಳಿಂದ ಹೊರಿಸುತ್ತ ಬಂದ ಕುಡುಕತನ, ಕಳ್ಳತನ, ಮಾಟದ ಆರೋಪಗಳ ನೆರಳು ಅದರಲ್ಲಿತ್ತು. ಪ್ರಕಾಶಕರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರು 2020ರಲ್ಲಿ ಈ ದೋಷವನ್ನು ಬಹಿರಂಗವಾಗಿ ಒಪ್ಪಿಕೊಂಡು, ಪಠ್ಯವನ್ನು ತಿದ್ದಿದರು. ಮುಂದಿನ ಪುಸ್ತಕಗಳಿಗೆ ರೋಮಾ ಸಮುದಾಯದ ಸಲಹೆಗಾರರ ನೆರವನ್ನೂ ಪಡೆದರು. ಅದರಿಂದ ಕಥೆಯ ಭಯಾನಕತೆ ಎಳ್ಳಷ್ಟೂ ಕುಗ್ಗಲಿಲ್ಲ, ಏಕೆಂದರೆ ಭಯ ಹುಟ್ಟುತ್ತಿದ್ದುದು ಸ್ಟ್ರಾಡನ ಪಾಪದಿಂದಲೇ ಹೊರತು ಆ ಜನರಿಂದಲ್ಲ.

2021ರ ‘ವ್ಯಾನ್ ರಿಕ್ಟನ್ಸ್ ಗೈಡ್ ಟು ರೇವನ್‌ಲಾಫ್ಟ್’ ಇಡೀ ಲೋಕವನ್ನೇ ಹೊಸದಾಗಿ ಕಟ್ಟಿತು. ಅದರಲ್ಲಿ ನಮಗೆ ಹತ್ತಿರವಾದ ಭಾಗ ಕಾಲಕೇರಿ. 1990ರ ದಶಕದ ಪುಸ್ತಕಗಳಲ್ಲಿ ಶ್ರೀರಾಜಿ ಎಂಬ ಭಾರತದಂಥ ನಾಡೊಂದಿತ್ತು. ಅರಿಜಾನಿ ಎಂಬ ರಾಕ್ಷಸ ಅದರ ಒಡೆಯ. ನಮ್ಮ ಪುರಾಣಗಳ ಹೊರರೂಪವನ್ನು ದೂರದಿಂದ ಎತ್ತಿಕೊಂಡ ಕಲ್ಪನೆ ಅದು. ಭಾರತೀಯ ಮೂಲದ ಲೇಖಕ ಅಜಿತ್ ಜಾರ್ಜ್ ಅದನ್ನು ಕಾಲಕೇರಿಯಾಗಿ ಮರುರೂಪಿಸಿದಾಗ, ಒಡೆತನ ಮಹಾರಾಣಿ ರಮ್ಯಾ ವಾಸವದನ್‌ಗೆ ಬಂತು. ಅರಿಜಾನಿ ಅವಳ ಸೋದರನಾದ. ರೀವಾ ಎಂಬ ಸೋದರಿಯೂ ಸೇರಿ, ಮೂವರ ನಡುವೆ ಸಿಂಹಾಸನಕ್ಕಾಗಿ ಮುಗಿಯದ ಅಂತರ್ಯುದ್ಧ ಹೊತ್ತಿಕೊಂಡಿತು. ಇಲ್ಲಿ ಆಟಗಾರರು ರಾಕ್ಷಸನನ್ನು ಕೊಂದು ಹೊರಡುವಂತಿಲ್ಲ. ಯಾರ ಪಕ್ಷ ಹಿಡಿಯಬೇಕು, ಹಿಡಿದರೆ ಯಾರು ಬೀದಿಪಾಲಾಗುತ್ತಾರೆ ಎಂದು ಯೋಚಿಸಬೇಕಾಗುತ್ತದೆ. ಕೌರವ ಪಾಂಡವರ ಕಲಹವನ್ನು ತಾಳಮದ್ದಳೆಯಲ್ಲಿಯೂ ಗಮಕದಲ್ಲಿಯೂ ಕೇಳುತ್ತ ಬೆಳೆದವರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಪಕ್ಕೆ ನಾಡೇ ಸೆರೆಯೆಂಬ ಹಳೆಯ ನಿಯಮ ಈ ಭಾಗದಲ್ಲಿ ಮೊದಲಿಗಿಂತಲೂ ಬಲವಾಗಿದೆ ಎಂಬುದು ನನ್ನ ಅಭಿಪ್ರಾಯ.

ಆಟ ಆರಂಭಿಸುವ ಮೊದಲೇ ಎಲ್ಲರೂ ಕುಳಿತು, ಯಾವ ಬಗೆಯ ಭೀತಿ ತಮಗೆ ಒಪ್ಪಿತ, ಯಾವುದು ಬೇಡ ಎಂದು ಮಾತನಾಡಿಕೊಳ್ಳಬೇಕೆಂದು ಹೊಸ ಪುಸ್ತಕ ಹೇಳುವುದೂ ಸರಿಯಾಗಿಯೇ ಇದೆ.

ಒಂದು ನಷ್ಟ ಮಾತ್ರ ನನಗೆ ನೋವು ತರುತ್ತದೆ. ಹಿಂದೆ ಹಲವು ನಾಡುಗಳು ಒಂದೇ ಭೂಖಂಡದಲ್ಲಿ ಗಡಿ ಹಂಚಿಕೊಂಡಿದ್ದವು. ಗಡಿಯಾಚೆಯ ವೈರವೇ ಕಥೆಗೆ ವಸ್ತುವಾಗುತ್ತಿತ್ತು. ಈಗ ಅವೆಲ್ಲ ಮಂಜಿನ ನಡುವಿನ ಬಿಡಿ ದ್ವೀಪಗಳು. ಹೊಸಬರಿಗೆ ಒಂದೊಂದನ್ನೇ ಆರಿಸಿಕೊಂಡು ಆಡಲು ಇದು ಅನುಕೂಲವೆಂಬುದನ್ನು ಒಪ್ಪುತ್ತೇನೆ. ಆದರೂ ಹಳೆಯ ಭೂಪಟಗಳನ್ನು ಇಟ್ಟುಕೊಂಡಿರುವ ಆಟಗಾರರು ಅವನ್ನು ಹೊಸ ಪುಸ್ತಕದ ಪಕ್ಕದಲ್ಲಿ ಹರಡಿಕೊಂಡು, ಎರಡನ್ನೂ ಬೆಸೆದು ಆಡಬೇಕೆಂದು ನನ್ನ ವಿನಂತಿ. ನಮಸ್ಕಾರ.