ಜೊತೆಗೆ ಬಂದವರು ಎಲ್ಲಿ ಕೂರಬೇಕು?

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯ ಬಗ್ಗೆ ಮಾತಾಡಿ ಅಂತ ಕರೆದಾಗ, ನಾನು ಡಾಕ್ಟರಲ್ಲವಲ್ಲ ಅಂದೆ. ಅದಕ್ಕೇ ಕರೀತಿರೋದು ಅಂದರು. ಹಾಗಾಗಿ ರೋಗಿಯ ಜೊತೆ ಹೋದವನ ಕಣ್ಣಿಗೆ ಬಿದ್ದದ್ದಷ್ಟೇ ಹೇಳುತ್ತೇನೆ.

ನಮ್ಮ ಚಿಕ್ಕಪ್ಪನಿಗೆ ಫಿಟ್ಸ್ ಬಂದಾಗ ಮೊದಲು ಸೇರಿಸಿದ್ದು ಗಾಜಿನ ಗೋಡೆಯ ದೊಡ್ಡ ಆಸ್ಪತ್ರೆಗೆ. ಹೆಸರು ಬೇಡ ಬಿಡಿ. ಲಿಫ್ಟಿನಲ್ಲೂ ಹಾಡು ಬರುತ್ತಿತ್ತು. ಆದರೆ ರಾತ್ರಿ ಪಾಸು ಒಬ್ಬರಿಗೇ. ಚಿಕ್ಕಮ್ಮ ಒಳಗೆ, ನಾನು ಪಾರ್ಕಿಂಗಿನಲ್ಲಿ ಬೈಕುಗಳ ನಡುವೆ ಟವೆಲ್ ಹಾಸಿಕೊಂಡು. ಸೆಕ್ಯುರಿಟಿಯವರು ಮೂರು ಸಲ ಎಬ್ಬಿಸಿದರು.

ಕೊನೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೊರಟೆವು. 'ನನಗೇನು ಹುಚ್ಚು ಹಿಡಿದಿದೆಯಾ?' ಅಂತ ಚಿಕ್ಕಪ್ಪ ಆಟೋದಿಂದ ಇಳಿಯಲೇ ಒಲ್ಲರು. ಅವರ ತಪ್ಪೇನಿಲ್ಲ. 1847ರ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು, ಆದರೂ ಊರ ಕಡೆಯ ಬಾಯಿಗೆ ಹಳೇ ಹೆಸರೇ. ಅಲ್ಲಿ ನರರೋಗಕ್ಕೂ ನೋಡುತ್ತಾರೆ ಅಂತ ಎಷ್ಟು ಜನಕ್ಕೆ ಗೊತ್ತು?

ಚೀಟಿ ಮಾಡಿಸಿ ಕೂತಾಗ ನನಗೆ ಮೊದಲು ಕಂಡದ್ದು ಮರಗಳು. ಕೆಳಗೊಬ್ಬ ತಾಯಿ, ಗಡ್ಡ ಬಂದ ಮಗನಿಗೆ ಟಿಫಿನ್ ಬಾಕ್ಸಿನ ಮುಚ್ಚಳದಲ್ಲಿ ಮೊಸರನ್ನ ಕಲಸಿ ಕೊಡುತ್ತಿದ್ದರು. ಅವನು ತುತ್ತು ನುಂಗುವವರೆಗೆ ಕಾದು, ಮಾತ್ರೆ ಕೈಗಿಡುತ್ತಿದ್ದರು. ಮನೋರೋಗದ ವಾರ್ಡಿನಲ್ಲಿ ಮನೆಯವರೂ ಜೊತೆಗಿರುವ ಪದ್ಧತಿ ಇದೆ. ಇದರ ಬೇರು ದೂರದ್ದು: 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗಾಗಿ ಆವರಣದಲ್ಲೇ ಡೇರೆ ಹಾಕಿಸಿದ್ದರು. ಬಂಧುವನ್ನು ಹೊರಗೆ ಅಟ್ಟುವ ಬದಲು ಆರೈಕೆ ಕಲಿಸಿ ಕಳಿಸುವ ಯೋಚನೆ ಅದು. ಪಾರ್ಕಿಂಗಿನಲ್ಲಿ ಮಲಗಿದ್ದವನಿಗೆ ಇದು ಎಂಆರ್‌ಐ ಮೆಷಿನ್ನಿಗಿಂತ ದೊಡ್ಡ ಸೌಲಭ್ಯವಾಗಿ ಕಂಡಿತು.

ಸ್ಕ್ಯಾನಿನಲ್ಲಿ ಕಂಡದ್ದು ಮಿದುಳಿನೊಳಗೆ ಲಾಡಿಹುಳುವಿನ ಸಣ್ಣ ಗುಳ್ಳೆ. 'ನಾನು ಮಾಂಸ ಮುಟ್ಟಿದವನೇ ಅಲ್ಲ!' ಅಂದರು ಚಿಕ್ಕಪ್ಪ. ಡಾಕ್ಟರು ಅವರನ್ನು ಬಿಟ್ಟು ಚಿಕ್ಕಮ್ಮನ ಕಡೆ ತಿರುಗಿದರು. ಈ ಹುಳುವಿನ ಮೊಟ್ಟೆ ಮಲದಿಂದ ಮಣ್ಣು ನೀರಿಗೆ, ಅಲ್ಲಿಂದ ಸರಿಯಾಗಿ ತೊಳೆಯದ ಸೊಪ್ಪು ತರಕಾರಿಗೆ ಬರುತ್ತದೆ, ಹೊಟ್ಟೆ ಸೇರಿದ ಮೇಲೆ ಅದು ಒಡೆದು ಮರಿಹುಳು ರಕ್ತದಲ್ಲಿ ಮಿದುಳಿಗೆ ಹೋಗುತ್ತದೆ, ಸಸ್ಯಾಹಾರಿ ಅಂದರೆ ಬಿಡುವುದಿಲ್ಲ ಅಂತ ಬಿಡಿಸಿ ಹೇಳಿದರು. ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ ಅಂದದ್ದೂ ಚಿಕ್ಕಮ್ಮನಿಗೇ. ಆಕೆ ಹೊರಗಿದ್ದಿದ್ದರೆ ಯಾರಿಗೆ ಹೇಳುತ್ತಿದ್ದರು?

ಅಲ್ಲೇ ಒಂದು ಮಿದುಳಿನ ಮ್ಯೂಸಿಯಮ್ಮಿದೆ. ಮನೆಯವರ ಒಪ್ಪಿಗೆಯಿಂದ ಬಂದ ಮಿದುಳುಗಳನ್ನು ಜೋಡಿಸಿಟ್ಟಿದ್ದಾರೆ. ಗ್ಲೌಸ್ ಹಾಕಿಕೊಂಡು ಒಂದನ್ನು ಕೈಯಲ್ಲಿ ಹಿಡಿದೆ. ಅಂಗೈ ತುಂಬಾ ತಣ್ಣಗೆ, ರಬ್ಬರಿನ ಹಾಗೆ ಗಟ್ಟಿ. ಗುಳ್ಳೆಗಳಿದ್ದ ಮಾದರಿಯ ಮುಂದೆ ಚಿಕ್ಕಪ್ಪ ಬಹಳ ಹೊತ್ತು ನಿಂತರು. ಹೊರಬಂದು, ಪುನರ್ವಸತಿ ವಿಭಾಗದ ಬೇಕರಿಯ ಬನ್ನು ಕೊಂಡೆವು. ಚಿಕ್ಕಮ್ಮ ಪೊಟ್ಟಣ ಬಿಚ್ಚಲು ಬಿಡಲಿಲ್ಲ. 'ಮೊದಲು ಕೈ ತೊಳ್ಕೊಂಡು ಬನ್ನಿ, ಇಬ್ಬರೂ' ಅಂದರು.